ಪಂಚಾಯ್ತಿಗೆ ಒಪ್ಪಿದ ಗಿರಣಿ ಮಾಲೀಕ: ಅಂಬಾಲಾಲ ಸಾರಾಭಾಯಿ

ನಮ್ಮ ಶಾಲೆಯ ನೂರು ವರ್ಷಗಳ ಬದುಕು ಸೋಲಾಪುರದ ಗಿರಣಿಗಳ ಬದುಕಿನೊಡನೆ ಬೆಸೆದುಕೊಂಡಿದೆ. ಭೋಂಗಾ ಕೂಗಿದೊಡನೆ ಪಾಳಿಗೆ ಹೊರಡುತ್ತಿದ್ದ ತಂದೆತಾಯಿಗಳ ಮಕ್ಕಳು ತಲೆಮಾರುಗಳ ಕಾಲ ನಮ್ಮಲ್ಲಿ ಕಲಿತಿದ್ದಾರೆ. ಆ ಮನೆಗಳ ಅನ್ನವೂ ಅಕ್ಷರವೂ ಗಿರಣಿಯ ಕೂಲಿಯನ್ನೇ ನಂಬಿದ್ದವು. ಕೂಲಿಯ ವ್ಯಾಜ್ಯಗಳನ್ನು ಮಾತುಕತೆಯಿಂದ ಬಗೆಹರಿಸುವ ಪದ್ಧತಿ ನಮ್ಮ ದೇಶದಲ್ಲಿ ಹೇಗೆ ಬೇರೂರಿತೆಂಬುದನ್ನು ಅರಿಯಬೇಕಾದರೆ, ಅಹಮದಾಬಾದಿನ ಅಂಬಾಲಾಲ ಸಾರಾಭಾಯಿಯವರ ಜೀವನವನ್ನು ನಾವು ನೋಡಬೇಕು. ವಿಜ್ಞಾನಿ ವಿಕ್ರಂ ಸಾರಾಭಾಯಿಯವರ ತಂದೆಯೆಂದು ಅವರ ಹೆಸರನ್ನು ಅನೇಕರು ಬಲ್ಲರು.

1890ರಲ್ಲಿ ಜನಿಸಿದ ಅಂಬಾಲಾಲರು ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡರು. ಎಳೆಯ ವಯಸ್ಸಿನಲ್ಲಿಯೇ ಕ್ಯಾಲಿಕೋ ಗಿರಣಿಯ ಹೊಣೆ ಅವರ ಹೆಗಲೇರಿತು. ಅಕ್ಕ ಅನಸೂಯಾಬೆನ್ ಅವರಿಗೆ ಬಾಲ್ಯವಿವಾಹವಾಗಿತ್ತು. ಆ ಬಂಧನದಿಂದ ಹೊರಬಂದ ಅಕ್ಕನನ್ನು ಓದಲು ಇಂಗ್ಲೆಂಡಿಗೆ ಕಳುಹಿಸಿದವರು ತಮ್ಮನೇ. ಮರಳಿ ಬಂದ ಅನಸೂಯಾಬೆನ್ ಗಿರಣಿ ಕಾರ್ಮಿಕರ ಮಕ್ಕಳಿಗಾಗಿ ಶಾಲೆ ತೆರೆದರು. ಕ್ರಮೇಣ ಕಾರ್ಮಿಕರ ಮುಂದಾಳುವಾದರು. 1915ರಲ್ಲಿ ಗಾಂಧೀಜಿಯವರು ಅಸ್ಪೃಶ್ಯ ಕುಟುಂಬವೊಂದನ್ನು ಆಶ್ರಮಕ್ಕೆ ಸೇರಿಸಿಕೊಂಡಾಗ ದಾನಿಗಳು ದೂರ ಸರಿದರು. ಆಗ 13,000 ರೂಪಾಯಿಗಳನ್ನು ಸದ್ದಿಲ್ಲದೆ ಕೊಟ್ಟುಹೋದವರು ಅಂಬಾಲಾಲರು.

ಇಂಥ ಉದಾರಿಯೂ ಕೂಲಿಯ ವಿಷಯದಲ್ಲಿ ಸುಲಭವಾಗಿ ಮಣಿಯಲಿಲ್ಲ. 1917ರಲ್ಲಿ ಅಹಮದಾಬಾದಿನಲ್ಲಿ ಪ್ಲೇಗ್ ಹರಡಿದಾಗ, ಕಾರ್ಮಿಕರು ಊರು ಬಿಡದಿರಲೆಂದು ಮಾಲೀಕರು ವಿಶೇಷ ಭತ್ಯೆ ಕೊಟ್ಟಿದ್ದರು. ಪ್ಲೇಗ್ ತಗ್ಗಿತು, ಭತ್ಯೆ ನಿಂತಿತು. ಯುದ್ಧಕಾಲದ ಬೆಲೆಯೇರಿಕೆ ಮಾತ್ರ ನಿಲ್ಲಲಿಲ್ಲ. ಕಾರ್ಮಿಕರು ಶೇಕಡಾ 35ರಷ್ಟು ಹೆಚ್ಚಳ ಕೇಳಿದರು. ಮಾಲೀಕರು ಶೇಕಡಾ 20ಕ್ಕೆ ನಿಂತರು. ಮಾಲೀಕರ ಸಂಘದ ಅಧ್ಯಕ್ಷರು ಅಂಬಾಲಾಲರು. ಎದುರು ಪಕ್ಷದಲ್ಲಿ ಗಾಂಧೀಜಿಯವರೊಡನೆ ಸ್ವಂತ ಅಕ್ಕ! ಮಾಲೀಕ ಮತ್ತು ಕಾರ್ಮಿಕರದು ತಂದೆಮಕ್ಕಳ ಸಂಬಂಧ, ನಡುವೆ ಹೊರಗಿನವರು ಬರಬಾರದು ಎಂಬುದು ಮಾಲೀಕರ ನಿಲುವಾಗಿತ್ತು.

1918ರ ಫೆಬ್ರವರಿ 22ರಂದು ಗಿರಣಿಗಳಿಗೆ ಬೀಗಮುದ್ರೆ ಬಿದ್ದಿತು. ಸಾಬರಮತಿಯ ದಡದ ಜಾಲಿಯ ಮರದಡಿ ಕಾರ್ಮಿಕರು ದಿನವೂ ಸೇರಿದರು. ಹಸಿವಿನಿಂದ ಅವರ ಧೈರ್ಯ ಕುಂದಿದಾಗ, ಮಾರ್ಚ್ 15ರಂದು ಗಾಂಧೀಜಿಯವರು ಉಪವಾಸ ಹಿಡಿದರು. 18ರಂದು ಒಪ್ಪಂದವಾಯಿತು. ಮಾಲೀಕರು ಮಣಿದದ್ದು ನ್ಯಾಯಕ್ಕಲ್ಲ, ತಮ್ಮ ಮೇಲಿನ ಗೌರವಕ್ಕೆ ಎಂಬ ಅಳುಕು ಗಾಂಧೀಜಿಯವರಿಗೇ ಇತ್ತು. ಕೊನೆಯ ತೀರ್ಮಾನವನ್ನು ವಿದ್ವಾಂಸ ಆನಂದಶಂಕರ ಧ್ರುವ ಅವರಿಗೆ ಒಪ್ಪಿಸಲಾಯಿತು. ಅವರು ಶೇಕಡಾ 35ನ್ನೇ ಎತ್ತಿಹಿಡಿದರು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಒಬ್ಬ ಮಾಲೀಕ ಮಾತ್ರ ಒಪ್ಪಿದ್ದರೆ ಒಂದು ಗಿರಣಿಯ ಬಾಗಿಲು ತೆರೆಯುತ್ತಿತ್ತು. ಸಂಘವು ಒಪ್ಪಿದ್ದರಿಂದ ಆ ಮಾತು ಅದರ ಗಿರಣಿಗಳನ್ನೆಲ್ಲ ಕಟ್ಟಿಹಾಕಿತು. ಕಾರ್ಮಿಕರ ಬೇಡಿಕೆಯನ್ನು ಒಗ್ಗಟ್ಟಿನಿಂದ ತಡೆಯಲು ನಿಂತ ಸಂಘವೇ ಕೊಟ್ಟ ಮಾತನ್ನು ಒಗ್ಗಟ್ಟಿನಿಂದ ನಡೆಸುವ ಸಾಧನವೂ ಆಯಿತು. 1920ರಲ್ಲಿ ಕಾರ್ಮಿಕರ ಸಂಘವಾದ ಮಜೂರ್ ಮಹಾಜನ ಹುಟ್ಟಿತು. ಉಭಯ ಸಂಘಗಳ ನಡುವೆ ಶಾಶ್ವತ ಪಂಚಾಯ್ತಿ ಏರ್ಪಟ್ಟಿತು. ಅದರಲ್ಲಿ ಗಾಂಧೀಜಿಯವರು ಕಾರ್ಮಿಕರ ಪರವಾಗಿಯೂ ಮಂಗಳದಾಸ ಗಿರಧರದಾಸರು ಮಾಲೀಕರ ಪರವಾಗಿಯೂ ಕುಳಿತರು.

ಈ ಅನುಭವ ಅಹಮದಾಬಾದಿನಲ್ಲಿಯೇ ಉಳಿಯಲಿಲ್ಲ. ಮಜೂರ್ ಮಹಾಜನದಲ್ಲಿ ಪಳಗಿದ ಗುಲ್ಜಾರಿಲಾಲ ನಂದಾ ಅವರು ಮುಂಬಯಿ ಪ್ರಾಂತ್ಯದ ಕಾರ್ಮಿಕ ಮಂತ್ರಿಗಳಾಗಿದ್ದಾಗ 1946ರ ಕೈಗಾರಿಕಾ ಬಾಂಧವ್ಯ ಕಾಯಿದೆ ಬಂದಿತು. ನಮ್ಮ ಸೋಲಾಪುರವೂ, ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು. ಮುಂದೆ ನಂದಾ ಅವರು ಕೇಂದ್ರ ಮಂತ್ರಿಗಳಾಗಿದ್ದಾಗ, 1958ರಲ್ಲಿ, ದೇಶದ ಮಾಲೀಕರ ಹಾಗೂ ಕಾರ್ಮಿಕರ ಕೇಂದ್ರ ಸಂಘಟನೆಗಳು ಉದ್ಯಮಗಳಿಗಾಗಿ ಶಿಸ್ತುಸಂಹಿತೆಯೊಂದನ್ನು ಒಪ್ಪಿಕೊಂಡವು.

ಅಂಬಾಲಾಲರು 1967ರಲ್ಲಿ ಕಾಲವಾದರು. ಕೂಲಿಯ ಜಗಳದಲ್ಲಿ ಎದುರಾಳಿಗಳಾದ ಅಕ್ಕ-ತಮ್ಮಂದಿರ ಅಕ್ಕರೆ ಕಡೆಯವರೆಗೂ ಬಾಡಲಿಲ್ಲ. ಇಂದು ಸೋಲಾಪುರದ ಹಳೆಯ ಗಿರಣಿಗಳ ಭೋಂಗಾ ಕೇಳಿಸುವುದಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಚಾದರದ ಮಗ್ಗಗಳ ಮಾಲೀಕರು, ಹಲವರು ದುಡಿಯುವವರು. ಅವರು ಒಂದೇ ಬೆಂಚಿನ ಮೇಲೆ ಕುಳಿತು ಓದಿದವರು. ಲೆಕ್ಕಪತ್ರ ಮುಂದಿಟ್ಟುಕೊಂಡು ಎದುರುಬದುರು ಕೂರುವ ದಿನವೂ ಆ ಬೆಂಚನ್ನು ಅವರು ಮರೆಯದಿರಲೆಂದು ನಾವು ಹಾರೈಸುತ್ತೇವೆ.