ಭೂಲೋಕಮಲ್ಲನ ರತ್ನಭಂಡಾರ

ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿ ವಿರಳ. ಕಾಶ್ಮೀರದ ಬಿಲ್ಹಣನೂ ಮಿತಾಕ್ಷರೆಯ ವಿಜ್ಞಾನೇಶ್ವರನೂ ಬೆಳಗಿದ ಆಸ್ಥಾನವದು. ಅರ್ಧ ಶತಮಾನ ನಾಡನ್ನಾಳಿದ ಆ ತಂದೆಯ ನೆರಳಿನಲ್ಲಿ ಮಗನಾದ ಮೂರನೆಯ ಸೋಮೇಶ್ವರನು ಮಸುಕಾಗಿ ಹೋಗಿದ್ದಾನೆ. 1126ರಲ್ಲಿ ಪಟ್ಟವೇರಿದ ಆತನಿಗೆ ದೊರೆತದ್ದು ಹನ್ನೆರಡು ವರ್ಷಗಳ ಆಳಿಕೆ ಮಾತ್ರ.

ಭೂಲೋಕಮಲ್ಲ, ಸರ್ವಜ್ಞ ಚಕ್ರವರ್ತಿ ಎಂಬೆರಡು ಬಿರುದುಗಳು ಆತನಿಗೆ ಸಂದಿವೆ. ಮೊದಲನೆಯದನ್ನು ಚರಿತ್ರೆಯು ಅಷ್ಟಾಗಿ ಸಮರ್ಥಿಸುವುದಿಲ್ಲ. ಮೂಡಲಲ್ಲಿ ವೆಂಗಿಯು ಕೈಬಿಟ್ಟಿತು. ತೆಂಕಲಲ್ಲಿ ಹೊಯ್ಸಳ ವಿಷ್ಣುವರ್ಧನನು ಸಾಮಂತನ ಹೆಸರಿನಲ್ಲಿಯೇ ಸ್ವತಂತ್ರನಂತೆ ಬೆಳೆಯುತ್ತಿದ್ದನು. ನಮ್ಮ ಚಿತ್ರದುರ್ಗ, ಹೊಳಲ್ಕೆರೆಗಳ ಸೀಮೆಯು ಆಗ ನೊಳಂಬವಾಡಿ ಮೂವತ್ತೆರಡು ಸಾಸಿರಕ್ಕೆ ಸೇರಿದ್ದಿತು. ಉಚ್ಚಂಗಿಯ ಪಾಂಡ್ಯರು ಚಾಲುಕ್ಯರ ಸಾಮಂತರಾಗಿ ಇದನ್ನು ಆಳುತ್ತಿದ್ದರು. ನೊಳಂಬವಾಡಿಗೊಂಡನೆಂದು ವಿಷ್ಣುವರ್ಧನನು ಬಿರುದು ಧರಿಸಿದ್ದು ಈ ನೆಲದ ಮೇಲಣ ಆಸೆಯಿಂದಲೇ.

ಎರಡನೆಯ ಬಿರುದಿನ ಮಾತು ಬೇರೆ. 1129ರ ಸುಮಾರಿಗೆ ಸಿದ್ಧವಾದ ಮಾನಸೋಲ್ಲಾಸವು ಅದಕ್ಕೆ ಸಾಕ್ಷಿ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು. ರಾಜ್ಯವನ್ನು ಪಡೆಯುವುದು, ಅದನ್ನು ನೆಲೆಗೊಳಿಸುವುದು, ಅರಸನ ಉಪಭೋಗ, ವಿನೋದ, ಕ್ರೀಡೆ ಎಂದು ಅವುಗಳ ವಿಭಾಗ. ಆನೆ, ಕುದುರೆ, ಸಂಗೀತ, ಚಿತ್ರ, ಅಡುಗೆ ಯಾವುದನ್ನೂ ಈ ಅರಸನು ಬಿಟ್ಟಿಲ್ಲ. ನಮ್ಮ ಇಡ್ಡಲಿಗೆ, ದೋಸೆಗಳ ಪೂರ್ವಜರೂ ಅಲ್ಲಿವೆ! ಬರೆದದ್ದು ಮಾತ್ರ ಸಂಸ್ಕೃತದಲ್ಲಿ. ಕನ್ನಡದ ಅಧ್ಯಾಪಕನಾದ ನನಗೆ ಅದೊಂದು ಕೊರಗು.

ರತ್ನಗಳನ್ನು ಆತನು ಎಲ್ಲಿರಿಸಿದನೆಂಬುದು ಗಮನಾರ್ಹ. ಒಡವೆಗಳನ್ನು ತೊಡುವ ಸಂಭ್ರಮವು ಮೂರನೆಯ ವಿಂಶತಿಯಲ್ಲಿ, ಉಪಭೋಗಗಳ ನಡುವೆ ಬರುತ್ತದೆ. ಆದರೆ ವಜ್ರ, ಮುತ್ತು, ಮಾಣಿಕ್ಯ, ಇಂದ್ರನೀಲ, ಮರಕತಗಳ ಪರೀಕ್ಷೆಯು ಅದಕ್ಕೂ ಮುನ್ನ, ರಾಜ್ಯವನ್ನು ನೆಲೆಗೊಳಿಸುವ ಎರಡನೆಯ ವಿಂಶತಿಯ ಕೋಶಾಧ್ಯಾಯದಲ್ಲಿದೆ. ಕಳಂಕವಿರುವ ವಜ್ರವನ್ನು ಒಳ್ಳೆಯದೆಂದು ಭಂಡಾರಕ್ಕೆ ಕೊಂಡರೆ ನಷ್ಟವು ಕೊರಳಿನದಲ್ಲ, ರಾಜ್ಯದ್ದು. ಸೀಮೆಗಳು ಸಡಿಲುತ್ತಿದ್ದ ಅರಸನಿಗೆ ಈ ಎಚ್ಚರವು ಬರಿಯ ಪಾಂಡಿತ್ಯವಾಗಿರಲಿಲ್ಲವೆಂದೇ ನನ್ನ ಊಹೆ. ಆತನ ಹಿಂದೆ ರತ್ನಶಾಸ್ತ್ರದ ದೀರ್ಘ ಪರಂಪರೆಯಿದ್ದಿತು. ಸಂಶಯ ಬಂದ ಮುತ್ತನ್ನು ಉಪ್ಪು ಬೆರೆಸಿದ ದ್ರವದಲ್ಲಿ ಇರುಳೆಲ್ಲ ನೆನೆಯಿಟ್ಟು, ಬಟ್ಟೆಯಲ್ಲಿ ಬತ್ತದೊಡನೆ ಉಜ್ಜಿ, ಬಣ್ಣಗೆಡದಿದ್ದರೆ ನಿಜವೆಂದು ತಿಳಿಯುವ ಕ್ರಮವು ಆ ಪರಂಪರೆಯದು.

ಎರಕದ ವಿಷಯಕ್ಕೆ ಬಂದಾಗಲಂತೂ ಅರಸನು ಅಕ್ಕಸಾಲಿಗನ ಕುಲುಮೆಯ ಪಕ್ಕದಲ್ಲಿಯೇ ಕುಳಿತಂತೆ ಕಾಣುತ್ತಾನೆ. ಮೊದಲು ಜೇನುಮೇಣದಲ್ಲಿ ವಿಗ್ರಹವನ್ನು ತಿದ್ದಬೇಕು. ಸುಟ್ಟ ಹೊಟ್ಟು, ನಯವಾಗಿ ಕತ್ತರಿಸಿದ ಹತ್ತಿ, ಉಪ್ಪು ಇವುಗಳನ್ನು ಬೆರೆಸಿ ಅರೆದ ಮಣ್ಣನ್ನು ಅದರ ಮೇಲೆ ಮೂರು ಸಲ ಬಳಿಯಬೇಕು. ಮೊದಲ ಲೇಪವು ತೆಳುವಾಗಿರಬೇಕು, ನೆರಳಿನಲ್ಲಿ ಒಣಗಬೇಕು. ಮೇಣವನ್ನು ಮೊದಲೇ ತೂಗಿಡಬೇಕು, ಏಕೆಂದರೆ ಲೋಹದ ಲೆಕ್ಕವೆಲ್ಲ ಅದರ ಮೇಲೆ: ಬೆಳ್ಳಿಯಾದರೆ ಮೇಣದ 12 ಪಾಲು, ಚಿನ್ನವಾದರೆ 16 ಪಾಲು. ಕಾಸಿದಾಗ ಮೇಣವು ಕರಗಿ ಹರಿದು, ಬರಿದಾದ ಜಾಗವನ್ನು ಲೋಹವು ತುಂಬುತ್ತದೆ. ಚಿನ್ನವು ಎಷ್ಟು ಬೇಕೆಂದು ಮುಂಚೆಯೇ ತಿಳಿದಿದ್ದರೆ ವ್ಯರ್ಥವೂ ಇಲ್ಲ, ಕಳವಿನ ಶಂಕೆಯೂ ಇಲ್ಲ. ತಿದಿಯೊತ್ತಿದ ಕೈಗಳಿಂದಲ್ಲದೆ ಇಂತಹ ವಿವರವು ಅರಮನೆಯವರೆಗೆ ಬಂದಿರಲಾರದು. ಆ ಕೈಗಳ ಒಡೆಯರ ಹೆಸರನ್ನೂ ಒಂದೆರಡು ಶ್ಲೋಕಗಳಲ್ಲಿ ಉಳಿಸಿದ್ದರೆ ಸರ್ವಜ್ಞನೆಂಬ ಬಿರುದಿಗೆ ಏನು ಕುಂದಾಗುತ್ತಿತ್ತೋ!

ತಂದೆಯ ಚರಿತ್ರೆಯಾದ ವಿಕ್ರಮಾಂಕಾಭ್ಯುದಯವನ್ನೂ ಸೋಮೇಶ್ವರನು ಬರೆಯತೊಡಗಿದ್ದನು. ನಮಗೆ ದೊರೆತಿರುವುದು ಅಪೂರ್ಣ ಕೃತಿ. 1138ರಲ್ಲಿ ಆತನ ಆಳಿಕೆ ಮುಗಿದು ಮಗ ಇಮ್ಮಡಿ ಜಗದೇಕಮಲ್ಲನು ಪಟ್ಟಕ್ಕೆ ಬಂದನು. ಸಂಗೀತಚೂಡಾಮಣಿಯನ್ನು ರಚಿಸಿದ ಆತನೂ ತಂದೆಯಂತೆ ಗ್ರಂಥಕರ್ತನೇ. ಮತ್ತೆ ಕಾಲು ಶತಮಾನ ತುಂಬುವುದರೊಳಗೆ ಕಲ್ಯಾಣದ ಸಿಂಹಾಸನವೂ ಅದರ ಭಂಡಾರವೂ ಕಳಚುರಿ ಬಿಜ್ಜಳನ ವಶವಾದವು. ಮಾನಸೋಲ್ಲಾಸವು ಮಾತ್ರ ಓಲೆಗಳಲ್ಲಿ ಉಳಿದುಬಂದು, 1925ರಿಂದ ಮೊದಲ್ಗೊಂಡು ಬಡೋದೆಯಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.