ಸೋಲರಿಯದೆ ಸರಿದ ಸರದಾರ ರಾಕಿ ಮಾರ್ಸಿಯಾನೊ

1956ರ ಏಪ್ರಿಲ್ 27ರಂದು ವಿಶ್ವ ಹೆವಿವೇಟ್ ಮುಷ್ಟಿಯುದ್ಧ ಚಾಂಪಿಯನ್ ರಾಕಿ ಮಾರ್ಸಿಯಾನೊ ನಿವೃತ್ತಿ ಘೋಷಿಸಿದರು. ಅವರನ್ನು ಯಾರೂ ಮಣಿಸಿರಲಿಲ್ಲ, ಕಿರೀಟವನ್ನು ಯಾರೂ ಕಸಿದಿರಲಿಲ್ಲ. ವಯಸ್ಸು ಕೇವಲ 32. ಕಾದಿದ 49 ಸ್ಪರ್ಧೆಗಳಲ್ಲಿ 49ರಲ್ಲೂ ಗೆಲುವು. ಅವುಗಳಲ್ಲಿ 43 ನಾಕೌಟ್ ಮೂಲಕ ಬಂದವು. ತೋಳಿನಲ್ಲಿ ಕಸುವು ಇನ್ನೂ ಉಳಿದಿರುವಾಗಲೇ ಕೈಗವಸು ಕಳಚಿಟ್ಟ ಆ ನಿರ್ಧಾರ ಅವರ ಕೀರ್ತಿಯನ್ನು ಕಾಪಾಡಿತೇ ಅಥವಾ ಮೊಟಕುಗೊಳಿಸಿತೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಅವರ ಹುಟ್ಟುಹೆಸರು ರಾಕ್ಕೊ ಫ್ರಾನ್ಸಿಸ್ ಮಾರ್ಕೆಜಾನೊ. ಜನನ 1923ರ ಸೆಪ್ಟೆಂಬರ್ 1ರಂದು, ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಬ್ರಾಕ್ಟನ್‌ನಲ್ಲಿ. ಪಾದರಕ್ಷೆ ಕಾರ್ಖಾನೆಗಳಿಗೆ ಹೆಸರಾಗಿದ್ದ ಊರದು. ಇಟಲಿಯಿಂದ ವಲಸೆ ಬಂದ ತಂದೆ ಪಿಯೆರಿನೊ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಮರಳಿ, ಶೂ ಕಾರ್ಖಾನೆಯಲ್ಲಿ ದುಡಿದು ಸಂಸಾರ ಸಾಕಿದವರು. ಒಂದೂವರೆ ವರ್ಷದ ಕೂಸಾಗಿದ್ದಾಗ ರಾಕಿ ನ್ಯುಮೋನಿಯಾಕ್ಕೆ ತುತ್ತಾಗಿ ಬದುಕಿ ಉಳಿದದ್ದೇ ದೊಡ್ಡದು. ಪ್ರೌಢಶಾಲೆಯನ್ನು ಅರ್ಧಕ್ಕೇ ಬಿಟ್ಟು ಕಾಲುವೆ ತೋಡಿದರು, ಮಂಜುಗಡ್ಡೆ ಮತ್ತು ಕಲ್ಲಿದ್ದಲು ಹೊತ್ತರು, ಶೂ ಕಾರ್ಖಾನೆಯಲ್ಲೂ ಕೆಲಸ ಮಾಡಿದರು. ತಂದೆಯ ಬಾಳನ್ನೇ ತಾವೂ ಬಾಳಬಾರದೆಂಬ ಹಟ ಅಲ್ಲಿಯೇ ಬೇರೂರಿತು.

1943ರಲ್ಲಿ ಸೇನೆಗೆ ಸೇರಿದ ರಾಕಿಗೆ ಮುಷ್ಟಿಯುದ್ಧದ ಗಂಭೀರ ಪರಿಚಯವಾದದ್ದು ಸೈನಿಕರ ನಡುವಿನ ಪಂದ್ಯಗಳಲ್ಲಿ. ಆದರೂ ಅವರ ಕನಸು ಬೇಸ್‌ಬಾಲ್ ಆಗಿತ್ತು. 1947ರಲ್ಲಿ ಶಿಕಾಗೊ ಕಬ್ಸ್ ತಂಡದ ಆಯ್ಕೆ ಶಿಬಿರಕ್ಕೆ ಹೋಗಿ, ತಿರಸ್ಕೃತರಾಗಿ ಊರಿಗೆ ಮರಳಿದರು. ಮರುವರ್ಷದಿಂದ ಅವರ ಬದುಕು ಬಾಕ್ಸಿಂಗ್ ಕಣಕ್ಕೆ ಮೀಸಲಾಯಿತು.

ಅವರನ್ನು ಮೊದಲು ಕಂಡವರಿಗೆ ಚಾಂಪಿಯನ್ನನ ಲಕ್ಷಣವೇನೂ ಕಾಣಿಸಿರಲಿಕ್ಕಿಲ್ಲ. ಎತ್ತರ ಐದು ಅಡಿ ಹತ್ತು ಅಂಗುಲ; ತೂಕ ಸುಮಾರು 84 ಕಿಲೋ. ತೋಳುಗಳು ಗಿಡ್ಡ, ಕಾಲಿನ ಚಲನೆ ಒರಟು. ಇಂದಿನ ನಿಯಮದಂತೆ ಅವರು ಹೆವಿವೇಟ್ ವಿಭಾಗಕ್ಕೇ ಸೇರುವುದಿಲ್ಲ, ಅದರ ಕೆಳಗಿನ ಕ್ರೂಸರ್‌ವೇಟ್‌ಗೆ ಸೇರುತ್ತಾರೆ. ತರಬೇತುದಾರ ಚಾರ್ಲಿ ಗೋಲ್ಡ್‌ಮನ್ ಈ ಕೊರತೆಗಳನ್ನು ಅಳಿಸಲು ಹೊರಡದೆ ಅವುಗಳನ್ನೇ ಅಸ್ತ್ರವಾಗಿಸಿದರು. ಬಾಗಿ, ಇನ್ನಷ್ಟು ಗಿಡ್ಡವಾಗಿ, ಎದುರಾಳಿಯ ತೋಳಿನೊಳಗೆ ನುಸುಳಿ ಗುದ್ದುವುದನ್ನು ಕಲಿಸಿದರು. ಉಳಿದದ್ದನ್ನು ರಾಕಿಯ ಬಲಗೈ ಮತ್ತು ದಣಿವರಿಯದ ಪರಿಶ್ರಮ ನೋಡಿಕೊಂಡವು.

ಆ ಬಲಗೈಯ ಭೀಕರತೆಯನ್ನು ಸ್ವತಃ ರಾಕಿಯೇ ಬೇಗ ಅರಿತರು. 1949ರ ಡಿಸೆಂಬರ್‌ನಲ್ಲಿ ಅವರ ಹೊಡೆತಕ್ಕೆ ಉರುಳಿದ ಯುವ ಮುಷ್ಟಿಪಟು ಕಾರ್ಮೈನ್ ವಿಂಗೊ ಸಾವಿನಂಚಿಗೆ ಹೋಗಿ ಬದುಕಿದರೂ ಮತ್ತೆಂದೂ ಕಣಕ್ಕಿಳಿಯಲಿಲ್ಲ. ಎರಡು ವರ್ಷಗಳ ಬಳಿಕ, 1951ರ ಅಕ್ಟೋಬರ್ 26ರಂದು, ತಾವು ಬಾಲ್ಯದಿಂದ ಆರಾಧಿಸಿದ್ದ ಜೋ ಲೂಯಿಯನ್ನೇ ಎಂಟನೇ ಸುತ್ತಿನಲ್ಲಿ ಹಗ್ಗದಾಚೆಗೆ ಬೀಳಿಸಬೇಕಾಯಿತು. ಲೂಯಿ 1949ರಲ್ಲಿ ನಿವೃತ್ತರಾಗಿದ್ದವರು; ತೆರಿಗೆ ಸಾಲದ ಹೊರೆ ಅವರನ್ನು ಮತ್ತೆ ಕಣಕ್ಕೆಳೆದಿತ್ತು. ಆಗ ಅವರಿಗೆ 37 ವರ್ಷ. ಹಳೆಯ ಚಾಂಪಿಯನ್‌ಗೆ ಒದಗಿದ ಆ ಸ್ಥಿತಿ ರಾಕಿಯ ಮನಸ್ಸಿನಲ್ಲಿ ಆಳವಾಗಿ ನೆಟ್ಟಿತು.

1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಜರ್ಸಿ ಜೋ ವಾಲ್ಕಾಟ್ ವಿರುದ್ಧ ಕಿರೀಟಕ್ಕಾಗಿ ಕಾದಾಟ. ವೃತ್ತಿಜೀವನದಲ್ಲಿ ಮೊದಲ ಬಾರಿಗೆ ರಾಕಿ ಮೊದಲ ಸುತ್ತಿನಲ್ಲೇ ನೆಲ ಕಂಡರು. ಹನ್ನೆರಡು ಸುತ್ತು ಮುಗಿದಾಗ ಮೂವರೂ ನಿರ್ಣಾಯಕರ ಲೆಕ್ಕದಲ್ಲಿ ಹಿಂದಿದ್ದರು. ಹದಿಮೂರನೇ ಸುತ್ತಿನ ಒಂದೇ ಒಂದು ಬಲಗೈ ಹೊಡೆತ ಎಲ್ಲ ಲೆಕ್ಕವನ್ನೂ ಅಳಿಸಿಹಾಕಿತು. ಬಳಿಕ ಆರು ಬಾರಿ ಅವರು ಕಿರೀಟ ಉಳಿಸಿಕೊಂಡರು. 1954ರಲ್ಲಿ ಎಜಾರ್ಡ್ ಚಾರ್ಲ್ಸ್ ವಿರುದ್ಧದ ಎರಡನೇ ಸ್ಪರ್ಧೆಯಲ್ಲಿ ಮೂಗು ಸೀಳಿ ರಕ್ತ ಸುರಿಯುತ್ತಿದ್ದಾಗಲೂ ಎಂಟನೇ ಸುತ್ತಿನಲ್ಲಿ ಗೆದ್ದರು. 1955ರ ಸೆಪ್ಟೆಂಬರ್ 21ರಂದು ಆರ್ಚಿ ಮೂರ್ ಅವರನ್ನು ಒಂಬತ್ತನೇ ಸುತ್ತಿನಲ್ಲಿ ಮಣಿಸಿದ್ದೇ ಕೊನೆಯ ಕಾದಾಟವಾಯಿತು.

ನಿವೃತ್ತಿಗೆ ಕಾರಣಗಳು ಹಲವು. ಬೆನ್ನುನೋವು ಬಾಧಿಸುತ್ತಿತ್ತು. ಪ್ರತಿ ಸ್ಪರ್ಧೆಗೆ ಮುನ್ನ ತಿಂಗಳುಗಟ್ಟಲೆ ತರಬೇತಿ ಶಿಬಿರದಲ್ಲಿ ಸನ್ಯಾಸಿಯಂತೆ ಕಳೆಯುತ್ತಿದ್ದ ಅವರಿಗೆ ಪತ್ನಿ ಬಾರ್ಬರಾ ಮತ್ತು ಪುಟ್ಟ ಮಗಳ ಒಡನಾಟವೇ ಇಲ್ಲವಾಗಿತ್ತು. ಗಳಿಕೆಯ ದೊಡ್ಡ ಪಾಲು ಪಡೆಯುತ್ತಿದ್ದ ಮ್ಯಾನೇಜರ್ ಆಲ್ ವೀಲ್ ಜತೆಗಿನ ಸಂಬಂಧ ಹಳಸಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಲೂಯಿಯ ಪಾಡು ಕಣ್ಣೆದುರಿಗಿತ್ತು.

ಟೀಕಾಕಾರರ ವಾದ ಸರಳ. ಮಾರ್ಸಿಯಾನೊ ಗೆದ್ದದ್ದು ಪ್ರಾಯ ಮೀರಿದವರ ವಿರುದ್ಧ. ಲೂಯಿಗೆ 37, ವಾಲ್ಕಾಟ್‌ಗೆ 38, ಮೂರ್ ನಲವತ್ತರ ಹತ್ತಿರ. ತೆರವಾದ ಕಿರೀಟವನ್ನು ಅದೇ ವರ್ಷದ ನವೆಂಬರ್‌ನಲ್ಲಿ ಗೆದ್ದ ಫ್ಲಾಯ್ಡ್ ಪ್ಯಾಟರ್ಸನ್‌ಗೆ ಕೇವಲ 21 ವರ್ಷ. ಪ್ಯಾಟರ್ಸನ್‌ರ ವೇಗವನ್ನು, ಮುಂದೆ ಬಂದ ಸನಿ ಲಿಸ್ಟನ್‌ರ ದೈತ್ಯಶಕ್ತಿಯನ್ನು ರಾಕಿ ಎದುರಿಸಲೇ ಇಲ್ಲ. ಹಾಗಾಗಿ ಆ ಸೊನ್ನೆ ಸೋಲಿನ ದಾಖಲೆ ಪೂರ್ಣ ಪರೀಕ್ಷೆಗೆ ಒಳಗಾಗಲಿಲ್ಲ ಎಂಬುದು ಅವರ ನಿಲುವು. ಈ ವಾದದಲ್ಲಿ ಹುರುಳಿದೆ. ಆದರೆ ಮಾರ್ಸಿಯಾನೊ ತಮ್ಮ ಕಾಲದ ಯಾವ ಪ್ರಬಲ ಸ್ಪರ್ಧಿಯನ್ನೂ ತಪ್ಪಿಸಿಕೊಂಡವರಲ್ಲ. ಮೂರ್ ಮತ್ತು ವಾಲ್ಕಾಟ್ ವಯಸ್ಸಾದ ಮೇಲೆಯೇ ಶಿಖರಕ್ಕೇರಿದವರು ಎಂಬುದನ್ನೂ ಮರೆಯುವಂತಿಲ್ಲ.

ಹೋಲಿಕೆಗೆ ಇತಿಹಾಸವೇ ಇದೆ. 1905ರಲ್ಲಿ ಅಜೇಯರಾಗಿ ನಿವೃತ್ತರಾಗಿದ್ದ ಜಿಮ್ ಜೆಫ್ರೀಸ್ 1910ರಲ್ಲಿ ಮರಳಿ ಜಾಕ್ ಜಾನ್ಸನ್ ಎದುರು ಹೀನಾಯವಾಗಿ ಸೋತರು. ರಾಕಿಗೂ ಆ ಸೆಳೆತ ಬಾರದೆ ಇರಲಿಲ್ಲ. 1959ರಲ್ಲಿ ಸ್ವೀಡನ್ನಿನ ಇಂಗೆಮಾರ್ ಯೋಹಾನ್ಸನ್ ಕಿರೀಟ ಗೆದ್ದಾಗ ಅವರು ಮತ್ತೆ ಅಭ್ಯಾಸ ಆರಂಭಿಸಿದರು. ಕೆಲ ವಾರಗಳಲ್ಲೇ ದೇಹ ಹೇಳಿದ ಸತ್ಯವನ್ನು ಒಪ್ಪಿ ಹಿಂದೆ ಸರಿದರು. ನಿವೃತ್ತಿಯ ನಿಜವಾದ ಪರೀಕ್ಷೆ ಬಹುಶಃ ಅದೇ.

1969ರಲ್ಲಿ ವಿಚಿತ್ರ ರೀತಿಯ ಮರಳುವಿಕೆಯೊಂದು ನಡೆಯಿತು. ವಿಯೆಟ್ನಾಂ ಯುದ್ಧಕ್ಕೆ ಹೋಗಲು ನಿರಾಕರಿಸಿ ಕಣದಿಂದ ಹೊರಗಿದ್ದ ಮುಹಮ್ಮದ್ ಅಲಿ ಜತೆ ಕಂಪ್ಯೂಟರ್ ಲೆಕ್ಕಾಚಾರ ಆಧರಿಸಿದ ಕಲ್ಪಿತ ಕಾದಾಟದ ಚಿತ್ರೀಕರಣ ಅದು. ಅದಕ್ಕಾಗಿ ರಾಕಿ ದೇಹತೂಕವನ್ನು ಬಹಳಷ್ಟು ಇಳಿಸಿಕೊಂಡರು, ವಿಗ್ ಧರಿಸಿದರು. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ತೆರೆಕಂಡ ಆ ಚಿತ್ರದಲ್ಲಿ ಗೆಲುವು ರಾಕಿಯದಾಗಿತ್ತು. ಅದನ್ನು ನೋಡಲು ಅವರಿರಲಿಲ್ಲ. 1969ರ ಆಗಸ್ಟ್ 31ರ ರಾತ್ರಿ, 46ನೇ ಹುಟ್ಟುಹಬ್ಬಕ್ಕೆ ಒಂದೇ ದಿನವಿದ್ದಾಗ, ಅಯೋವಾ ರಾಜ್ಯದ ನ್ಯೂಟನ್ ಬಳಿ ಅವರಿದ್ದ ಸಣ್ಣ ವಿಮಾನ ಪತನಗೊಂಡು ಮೂವರೂ ಮಡಿದರು.

1985ರಲ್ಲಿ ಲ್ಯಾರಿ ಹೋಮ್ಸ್ 48 ಗೆಲುವುಗಳೊಡನೆ ಆ ದಾಖಲೆಯ ಹೊಸ್ತಿಲಿಗೆ ಬಂದು ಮೈಕಲ್ ಸ್ಪಿಂಕ್ಸ್ ಎದುರು ಎಡವಿದರು. ರಾಕಿಯ ಕೊನೆಯ ಕಾದಾಟ ನಡೆದು ಸರಿಯಾಗಿ ಮೂವತ್ತು ವರ್ಷ ತುಂಬಿದ ದಿನವದು. 2017ರಲ್ಲಿ ಫ್ಲಾಯ್ಡ್ ಮೇವೆದರ್ 50ನೇ ಗೆಲುವು ಕಂಡರೂ ಅವರ ತೂಕದ ವಿಭಾಗ ಬೇರೆ.

ಬ್ರಾಕ್ಟನ್‌ನಲ್ಲಿ 2012ರಲ್ಲಿ ರಾಕಿಯ ಬೃಹತ್ ಕಂಚಿನ ಪ್ರತಿಮೆ ಅನಾವರಣಗೊಂಡಿತು. ವಾಲ್ಕಾಟ್‌ರನ್ನು ಕೆಡವಿದ ಬಲಗೈ ಹೊಡೆತದ ಭಂಗಿಯದು. ಇನ್ನೂ ನಾಲ್ಕು ವರ್ಷ ಕಾದಿದ್ದರೆ ಅವರು ಇನ್ನಷ್ಟು ದೊಡ್ಡವರಾಗುತ್ತಿದ್ದರೋ, ಲೂಯಿಯಂತೆ ಹಗ್ಗದಾಚೆ ಬೀಳುತ್ತಿದ್ದರೋ ಯಾರೂ ಹೇಳಲಾರರು. ಕೂಲಿಯ ಮಗನೊಬ್ಬ ತನ್ನ ಬದುಕಿನ ನಿರ್ಧಾರವನ್ನು ತಾನೇ ಕೈಗೊಂಡ, ಅದಕ್ಕೆ ಕಡೆತನಕ ಬದ್ಧನಾಗಿ ಉಳಿದ ಎಂಬುದಷ್ಟೇ ನಿಶ್ಚಿತ. ಮುಷ್ಟಿಯುದ್ಧದ ಇತಿಹಾಸದಲ್ಲಿ ಅಂಥವರ ಸಂಖ್ಯೆ ತೀರಾ ಕಡಿಮೆ.