ಹೈದರಲಿಗೆ ಬಂದ ಎರಡು ಕಾಯಿಲೆಗಳು

ಹೈದರಲಿಯವರ ಚರಿತ್ರೆಯಲ್ಲಿ ನಮ್ಮ ಕುಂಸಿಯ ಹೆಸರೂ ಇದೆ. 1763ರಲ್ಲಿ ಬಿದನೂರನ್ನು ಗೆಲ್ಲಲು ಹೊರಟ ಅವರು ಶಿವಮೊಗ್ಗ ದಾಟಿ ಇಲ್ಲಿಗೆ ಬಂದಾಗ, ಬಿದನೂರಿನ ಹಿಂದಿನ ಮಂತ್ರಿ ಲಿಂಗಣ್ಣ ಇಲ್ಲಿಯೇ ಸೆರೆಯಲ್ಲಿದ್ದ. ಕೋಟೆಯ ಗುಪ್ತದಾರಿಯನ್ನು ತಿಳಿಸಿದವನು ಅವನೇ.

ಹೈದರಲಿ ಹುಟ್ಟಿದ್ದು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. ಚಿಕ್ಕವರಿದ್ದಾಗಲೇ ತಂದೆ ಫತೇ ಮುಹಮ್ಮದ್ ಯುದ್ಧದಲ್ಲಿ ತೀರಿಕೊಂಡರು. ಓದುಬರಹ ಕಲಿಯಲಿಲ್ಲ, ಲೆಕ್ಕವೆಲ್ಲ ನೆನಪಿನಲ್ಲೇ ಇರುತ್ತಿತ್ತು. (ಕಾಮರ್ಸ್‌ನವರಾದ ನಮಗೆ ಕ್ಯಾಲ್ಕುಲೇಟರ್ ಬೇಕು!) ಅವರ ಯುದ್ಧಗಳು ಪಾಠಪುಸ್ತಕದಲ್ಲಿವೆ. ನಾನು ಬರೆಯುವುದು ಅವರ ಆರೋಗ್ಯದ ಬಗ್ಗೆ.

ಬಿದನೂರು ಗೆದ್ದು, ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟರು. ಅಲ್ಲಿ ಮಲೆನಾಡಿನ ಚಳಿಜ್ವರ ಹಿಡಿಯಿತು. ಅದೇ ಹೊತ್ತಿಗೆ ಅವರನ್ನು ಕೊಲ್ಲುವ ಸಂಚು ನಡೆದಿತ್ತು. ವಿಚಾರಣೆಗೆ ನೇಮಿಸಿದವರೂ ಅದರಲ್ಲಿ ಸೇರಿದ್ದರು. ಜ್ವರದಲ್ಲಿ ಮಲಗಿಕೊಂಡೇ ಅವರ ಮಾತು ಕೇಳಿ ಹೈದರಲಿ ಮೋಸ ಕಂಡುಹಿಡಿದರು ಎಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾರೆ. ಶಿಕ್ಷೆ ಮಾತ್ರ ಬಹಳ ಕಠೋರವಾಗಿತ್ತು.

ಚಳಿಜ್ವರ ಅಂದರೆ ಮಲೇರಿಯಾ. ಸೊಳ್ಳೆ ಕಚ್ಚುವುದು ಚರ್ಮಕ್ಕೆ. ರೋಗಾಣು ಮೊದಲು ಅಡಗುವುದು ಯಕೃತ್ತಿನಲ್ಲಿ. ಅಲ್ಲಿಂದ ರಕ್ತಕ್ಕೆ ಬಂದು ಕೆಂಪುಕಣಗಳನ್ನು ಒಡೆಯುತ್ತದೆ. ಕೆಟ್ಟ ಕಣಗಳನ್ನು ಸೋಸುವ ಗುಲ್ಮ ಊದಿಕೊಳ್ಳುತ್ತದೆ. ಹಳಬರು ಅದನ್ನು ಜ್ವರಗಡ್ಡೆ ಎನ್ನುತ್ತಿದ್ದರು. ರಕ್ತ ಕಡಿಮೆಯಾದಾಗ ಹೃದಯ ಹೆಚ್ಚು ಬಡಿಯಬೇಕು.

ಆ ಜ್ವರದಿಂದ ಹೈದರಲಿ ಉಳಿದರು. ಎರಡನೆಯ ಕಾಯಿಲೆಯಿಂದ ಉಳಿಯಲಿಲ್ಲ. 1782ರಲ್ಲಿ, ಇಂಗ್ಲಿಷರ ಮೇಲೆ ಯುದ್ಧ ನಡೆಯುತ್ತಿರುವಾಗಲೇ, ಬೆನ್ನಿನ ಮೇಲೆ ಹುಣ್ಣಾಯಿತು. ಹಳೆಯ ಗ್ರಂಥಗಳಲ್ಲಿ ಅದಕ್ಕೆ ಸರ್ತಾನ್ ಎಂಬ ಹೆಸರಿದೆ. ನಮ್ಮ ಮನೆಯ ಉರ್ದುವಿನಲ್ಲಿ ಸರ್ತಾನ್ ಅಂದರೆ ಕ್ಯಾನ್ಸರ್, ಮೂಲ ಅರ್ಥ ಏಡಿ. ಆದರೆ ಅದು ಕಾರ್ಬಂಕಲ್, ಅಂದರೆ ಹಲವು ಬಾಯಿಗಳಿರುವ ಕೀವಿನ ಹುಣ್ಣು ಎಂದು ಅನೇಕರು ಬರೆದಿದ್ದಾರೆ. ಸಕ್ಕರೆ ಕಾಯಿಲೆಯವರಿಗೆ ಇಂಥ ಹುಣ್ಣು ಇಂದಿಗೂ ಬೇಗ ಆಗುತ್ತದೆ, ಏಕೆಂದರೆ ರಕ್ತದಲ್ಲಿ ಸಕ್ಕರೆ ಏರಿದಾಗ ರೋಗದೊಡನೆ ಹೋರಾಡುವ ಬಿಳಿಕಣಗಳ ಶಕ್ತಿ ಕುಗ್ಗುತ್ತದೆ. ಹುಣ್ಣಿನ ವಿಷ ರಕ್ತಕ್ಕೆ ಇಳಿದರೆ ಹೃದಯವೇ ಅದನ್ನು ಮೈಯೆಲ್ಲ ಹಂಚುತ್ತದೆ. ರಕ್ತದೊತ್ತಡ ಬೀಳುತ್ತದೆ, ಮೂತ್ರಪಿಂಡ ನಿಲ್ಲುತ್ತದೆ, ಉಸಿರು ಕಟ್ಟುತ್ತದೆ. ಆಗ ಆಂಟಿಬಯಾಟಿಕ್ ಇರಲಿಲ್ಲ. ಹಕೀಮರು, ವೈದ್ಯರು, ಫ್ರೆಂಚ್ ಡಾಕ್ಟರರು ಎಲ್ಲರೂ ಸೋತರು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಬಿಡಾರದಲ್ಲಿ ತೀರಿಕೊಂಡರು. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದರು. ಸೈನ್ಯ ಚದುರಬಾರದೆಂದು ಅಧಿಕಾರಿಗಳು ಸುದ್ದಿ ಮುಚ್ಚಿಟ್ಟು, ಶರೀರವನ್ನು ಪೆಟ್ಟಿಗೆಯಲ್ಲಿಟ್ಟು ಖಜಾನೆಯಂತೆ ಕೋಲಾರಕ್ಕೆ ಕಳಿಸಿದರು. ಆಮೇಲೆ ಅದನ್ನು ಶ್ರೀರಂಗಪಟ್ಟಣಕ್ಕೆ ತಂದು, ಈಗ ಗುಂಬಜ್ ಇರುವಲ್ಲಿ ದಫನ್ ಮಾಡಲಾಯಿತು.